ತಾಳಿಕೆಯ ವ್ಯಾಕರಣ: ಲಂಡನ್ ಬಾಂಬ್ ದಾಳಿಯ ಎರಡು ಚಿತ್ರಗಳು

1940ರ ಸೆಪ್ಟೆಂಬರ್ 7ರಿಂದ 1941ರ ಮೇ ತಿಂಗಳವರೆಗೆ ಜರ್ಮನಿಯ ವಿಮಾನಗಳು ಲಂಡನ್ ಮತ್ತು ಬ್ರಿಟನ್ನಿನ ಇತರ ನಗರಗಳ ಮೇಲೆ ನಡೆಸಿದ ದಾಳಿಯಲ್ಲಿ 40,000ಕ್ಕೂ ಹೆಚ್ಚು ನಾಗರಿಕರು ಸತ್ತರು. ಈ ಕಾಲದ ಜನಸಾಮಾನ್ಯರ ಧೈರ್ಯವನ್ನು ಕುರಿತು ಬ್ರಿಟಿಷ್ ಸರ್ಕಾರದ ಚಿತ್ರ ಘಟಕಗಳು ನಿರ್ಮಿಸಿದ ಎರಡು ಕೃತಿಗಳು ಇಂದಿಗೂ ಚರ್ಚೆಗೆ ಒಳಗಾಗುತ್ತವೆ. ಎರಡರಲ್ಲೂ ನಿರ್ದೇಶಕ ಹಂಫ್ರಿ ಜೆನಿಂಗ್ಸ್‌ನ ಕೈಯಿದೆ. ಆದರೂ ಧೈರ್ಯವೆಂದರೇನು ಎಂಬ ಪ್ರಶ್ನೆಗೆ ಅವು ಕೊಡುವ ಉತ್ತರಗಳು ಬೇರೆ.

ಹ್ಯಾರಿ ವಾಟ್ ಜೊತೆಗೂಡಿ ಮಾಡಿದ 'ಲಂಡನ್ ಕ್ಯಾನ್ ಟೇಕ್ ಇಟ್' (1940) ಅಮೆರಿಕದ ಪ್ರೇಕ್ಷಕರನ್ನು ಉದ್ದೇಶಿಸಿದ ಕಿರುಚಿತ್ರ. ಒಂದು ಸಂಜೆಯಿಂದ ಮರುದಿನ ಬೆಳಗಿನವರೆಗಿನ ನಗರವನ್ನು ಅಮೆರಿಕನ್ ಪತ್ರಕರ್ತ ಕ್ವೆಂಟಿನ್ ರೆನಾಲ್ಡ್ಸ್ ವಿವರಿಸುತ್ತಾನೆ. ಜನರು ಕಾಣುತ್ತಾರೆ, ಮಾತಾಡುವುದಿಲ್ಲ. ಶೀರ್ಷಿಕೆಯ ಕ್ರಿಯಾಪದವನ್ನು ಕನ್ನಡದಲ್ಲಿ 'ತಾಳಿಕೊಳ್ಳು' ಎನ್ನಬಹುದು. 'ತಾಳಿದವನು ಬಾಳಿಯಾನು' ಎಂಬ ಗಾದೆಯಲ್ಲಿ ತಾಳುವವನೂ ಬಾಳುವವನೂ ಒಬ್ಬನೇ. ಚಿತ್ರದಲ್ಲಿ ತಾಳುವುದು 'ಲಂಡನ್'. ಸತ್ತವರನ್ನೂ ಬದುಕುಳಿದವರನ್ನೂ ಒಂದೇ ಕರ್ತೃಪದದಲ್ಲಿ ಅಡಗಿಸಿ, ಅವರ ಪರವಾಗಿ ನಗರ ತಾಳುತ್ತದೆಂದು ಹೊರಗಿನವನೊಬ್ಬ ಸಾಕ್ಷಿ ನುಡಿಯುತ್ತಾನೆ.

'ಫೈರ್ಸ್ ವೇರ್ ಸ್ಟಾರ್ಟೆಡ್' (1943) ಎಂಬ ಶೀರ್ಷಿಕೆ ಯುದ್ಧಕಾಲದ ಸುದ್ದಿಪ್ರಸಾರದ ಕರ್ಮಣಿ ಪ್ರಯೋಗ: ಬೆಂಕಿ ಹೊತ್ತಿಸಲಾಯಿತು. ಎಲ್ಲಿ, ಯಾರು ನಂದಿಸಿದರು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಚಿತ್ರ ತುಂಬುವುದು ಆ ಖಾಲಿ ಜಾಗವನ್ನೇ. ಪಾತ್ರಧಾರಿಗಳು ನಟರಲ್ಲ, ಲೇಖಕ ವಿಲಿಯಂ ಸ್ಯಾನ್ಸಮ್ ಸೇರಿದಂತೆ ಅಗ್ನಿಶಾಮಕ ದಳದಲ್ಲಿ ದುಡಿದವರು. ಅವರು ತಮ್ಮ ಆಡುನುಡಿಯಲ್ಲೇ ಮಾತಾಡುತ್ತಾರೆ, ಪಿಯಾನೋ ಸುತ್ತ ಸೇರಿ ಹಾಡುತ್ತಾರೆ, ರಾತ್ರಿ ಹಡಗುಕಟ್ಟೆಯ ಉಗ್ರಾಣದ ಬೆಂಕಿಗೆ ಹೋಗುತ್ತಾರೆ. ಬಾಂಬಿನ ಆಘಾತಕ್ಕೆ ಸಿಕ್ಕಿದ ದೂರವಾಣಿ ನಿರ್ವಾಹಕಿ ಮಾತು ತುಂಡಾದದ್ದಕ್ಕೆ ಕ್ಷಮೆ ಕೇಳಿ ಸಂದೇಶವನ್ನು ಮುಂದುವರಿಸುತ್ತಾಳೆ. ಗಾಯಗೊಂಡ ಅಧಿಕಾರಿಯನ್ನು ಹಗ್ಗದಿಂದ ಕೆಳಗಿಳಿಸಿದ ಜಾಕೊ ತಾನು ಸಾಯುತ್ತಾನೆ. ಧೈರ್ಯ ಇಲ್ಲಿ ಯಾರಿಗೂ ಅಂಟಿಸಿದ ವಿಶೇಷಣವಲ್ಲ. ಹಿಡಿ, ಎಳೆ, ಇಳಿಸು ಎಂಬ ಕ್ರಿಯಾಪದಗಳಲ್ಲಿ ಅದು ಚದುರಿಹೋಗಿದೆ.

ಆದರೂ ಈ ಎರಡನೆಯ ಚಿತ್ರವೂ ವಾರ್ತಾ ಸಚಿವಾಲಯದ ಕೂಸು. ಕೊನೆಗೆ ಜಾಕೊನ ಶವಸಂಸ್ಕಾರದ ದೃಶ್ಯಗಳ ನಡುವೆ, ಬೆಂಕಿಯಿಂದ ಉಳಿದ ಮದ್ದುಗುಂಡಿನ ಹಡಗು ಹೊರಡುವುದನ್ನು ಹೆಣೆದಾಗ, ಒಬ್ಬನ ಸಾವು ಯುದ್ಧದ ಲೆಕ್ಕಕ್ಕೆ ಜಮೆಯಾಗುತ್ತದೆ. ಆ ಲೆಕ್ಕಕ್ಕೆ ಒಗ್ಗದ ಧೈರ್ಯವೂ ಲಂಡನ್ನಿನಲ್ಲಿತ್ತು. ದಾಳಿಯ ಆರಂಭದಲ್ಲಿ ಸುರಂಗ ರೈಲು ನಿಲ್ದಾಣಗಳನ್ನು ಆಶ್ರಯತಾಣವಾಗಿಸಲು ಸರ್ಕಾರ ಒಪ್ಪಲಿಲ್ಲ. ಜನರು ಟಿಕೆಟ್ ಕೊಂಡು ಕೆಳಗಿಳಿದು ಅಲ್ಲೇ ಮಲಗಿದರು. 1940ರ ಸೆಪ್ಟೆಂಬರ್ 14ರಂದು ಬಡ ಕೇರಿಯಾದ ಸ್ಟೆಪ್ನಿಯ ಜನ ಶ್ರೀಮಂತರ ಸವಾಯ್ ಹೋಟೆಲಿನ ಆಶ್ರಯತಾಣಕ್ಕೆ ನುಗ್ಗಿದರು. ಚಿತ್ರ ಬಿಡುಗಡೆಯಾದ 1943ರಲ್ಲೇ, ಮಾರ್ಚ್ 3ರಂದು, ಬೆತ್ನಲ್ ಗ್ರೀನ್ ನಿಲ್ದಾಣದ ಮೆಟ್ಟಿಲುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕಿ 173 ಮಂದಿ ಸತ್ತರು. ಅಲ್ಲಿ ಬಾಂಬು ಬಿದ್ದಿರಲಿಲ್ಲ.

ಆಂಗಸ್ ಕಾಲ್ಡರ್ 'ದ ಮಿಥ್ ಆಫ್ ದ ಬ್ಲಿಟ್ಜ್' (1991) ಕೃತಿಯಲ್ಲಿ 'ಮಿಥ್' ಎಂದದ್ದನ್ನು ಸುಳ್ಳೆಂದು ಓದಬಾರದು. ಜನ ಧೈರ್ಯವಾಗಿದ್ದದ್ದು ನಿಜ. ಆ ನಿಜದಿಂದ ಆಯ್ದು ಕಟ್ಟಿದ ಕಥನ, ಜನ ತಮ್ಮನ್ನು ತಾವು ನೆನೆಯುವ ಬಗೆಯನ್ನೂ ರೂಪಿಸಿತು. ಜೆನಿಂಗ್ಸ್‌ನ ಎರಡನೆಯ ಚಿತ್ರದ ಹಿರಿಮೆ ಈ ಕಥನದಿಂದ ಹೊರಗುಳಿದದ್ದರಲ್ಲಿಲ್ಲ. ಅದರ ಒಳಗಿದ್ದೂ ಮಾತನ್ನು ದುಡಿಯುವವರ ಬಾಯಿಗೆ ಮರಳಿಸಿದ್ದರಲ್ಲಿದೆ. ಟಿಕೆಟ್ ಕೊಂಡು ಸುರಂಗಕ್ಕಿಳಿದವರಿಗೆ ಆ ಮಾತು ಇನ್ನೂ ದೊರೆತಿರಲಿಲ್ಲ. ತಾಳಿಕೊಂಡವರನ್ನು ಹೊಗಳುವ ಪ್ರಭುತ್ವಕ್ಕೆ, ಇಷ್ಟನ್ನೆಲ್ಲ ತಾಳಬೇಕಾಗಿ ಬಂದದ್ದೇಕೆ ಎಂದು ಕೇಳಬಲ್ಲವರು ಅವರೇ ಆಗಿದ್ದರು.