ಮರದ ಬಾಗಿಲಿನ ಕೋಣೆ

ಅಮೆರಿಕದ ಅಯೋವಾ ರಾಜ್ಯದ ನ್ಯೂಟನ್ ಜೈಲಿನ ಒಂದು ವಿಭಾಗದಲ್ಲಿ ಕೋಣೆಗಳಿಗೆ ಮರದ ಬಾಗಿಲುಗಳಿದ್ದವು. ಬಾಗಿಲಿನ ಕೀಲಿಕೈ ಕೈದಿಯ ಹತ್ತಿರವೇ ಇರುತ್ತಿತ್ತು. ಶೌಚಾಲಯಕ್ಕೆ ಮರೆಯಿತ್ತು. ಜೈಲಿನ ಒಳಗೆ ಇವೆರಡಕ್ಕೂ ಎಷ್ಟು ಬೆಲೆಯೆಂಬುದು ಅಲ್ಲಿದ್ದು ಬಂದವರಿಗೆ ಗೊತ್ತು. 1999ರಲ್ಲಿ ಆ ರಾಜ್ಯ ‘ಇನ್ನರ್‌ಚೇಂಜ್’ ಎಂಬ ಕಾರ್ಯಕ್ರಮ ಶುರುಮಾಡಿ, ಈ ಕೋಣೆಗಳನ್ನು ಅದಕ್ಕೆ ಬಿಟ್ಟುಕೊಟ್ಟಿತು. ನಡೆಸುವವರು ‘ಪ್ರಿಸನ್ ಫೆಲೋಶಿಪ್’ ಎಂಬ ಕ್ರೈಸ್ತ ಸಂಸ್ಥೆಯ ಬಳಗದವರು. ಯಾವ ಧರ್ಮದ ಕೈದಿಯಾದರೂ ಸೇರಬಹುದಿತ್ತು. ಆದರೆ ಬೆಳಗಿನಿಂದ ರಾತ್ರಿಯವರೆಗಿನ ಪಾಠವೆಲ್ಲ ಬೈಬಲ್ಲಿನ ಸುತ್ತಲೇ. ಬೇರೆ ನಂಬಿಕೆಯವರಿಗೆ ಅಂಥದೇ ಇನ್ನೊಂದು ವ್ಯವಸ್ಥೆ ಇರಲಿಲ್ಲ. ಖರ್ಚಿನ ಒಂದು ಪಾಲು ಕೈದಿಗಳ ಫೋನ್ ಕರೆಗಳಿಂದ ಕೂಡಿದ ನಿಧಿಯಿಂದ ಬರುತ್ತಿತ್ತು. ಅಂದರೆ ಮನೆಗೆ ಮಾತಾಡಲು ಕೊಟ್ಟ ಕಾಸಿನಿಂದ.

ಪ್ರಿಸನ್ ಫೆಲೋಶಿಪ್ಪಿನ ಕೆಲಸದ ಬಗ್ಗೆ ನನಗಿರುವ ಗೌರವವೂ ತಕರಾರೂ ಈ ಬಾಗಿಲಿನ ಹತ್ತಿರವೇ ನಿಂತಿವೆ.

ಗೌರವದ ಮಾತು ಮೊದಲು. ಸಂಸ್ಥೆ ಕಟ್ಟಿದ ಚಾರ್ಲ್ಸ್ ಕಾಲ್ಸನ್ ಅಧ್ಯಕ್ಷ ನಿಕ್ಸನ್ನರ ಆಪ್ತ ವಲಯದಲ್ಲಿದ್ದು, ವಿರೋಧಿಗಳನ್ನು ಹಣಿಯುವ ಕೆಲಸಕ್ಕೆ ಹೆಸರಾಗಿದ್ದವರು. ವಾಟರ್‌ಗೇಟ್ ಹಗರಣದ ತನಿಖೆಯ ಬಿಸಿ ಏರುತ್ತಿದ್ದ 1973ರಲ್ಲಿ ಅವರು ಕ್ರಿಸ್ತನ ಕಡೆ ತಿರುಗಿದರು. ಮರುವರ್ಷ ನ್ಯಾಯಕ್ಕೆ ಅಡ್ಡಿಪಡಿಸಿದ ತಪ್ಪನ್ನು ಒಪ್ಪಿಕೊಂಡು ಏಳು ತಿಂಗಳು ಜೈಲಿನಲ್ಲಿದ್ದರು. ಶಿಕ್ಷೆ ತಪ್ಪಿಸಿಕೊಳ್ಳಲು ಹಾಕಿದ ವೇಷ ಎಂದು ಆಗ ಆಡಿಕೊಂಡವರಿದ್ದರು. ಆದರೆ 1976ರಲ್ಲಿ ಸಂಸ್ಥೆ ಶುರುಮಾಡಿದವರು 2012ರಲ್ಲಿ ಸಾಯುವವರೆಗೂ ಕೈದಿಗಳ ಕೈ ಬಿಡಲಿಲ್ಲ. ಮೂವತ್ತಾರು ವರ್ಷ ಯಾರೂ ವೇಷ ಹಾಕಿಕೊಂಡು ಬದುಕುವುದಿಲ್ಲ.

ಅವರು ಯಾರ ಜೊತೆ ಮಾತಾಡಿದರು ಎಂಬುದು ಇನ್ನೂ ಮುಖ್ಯ. 1970ರ ದಶಕದ ಆರಂಭದಲ್ಲಿ ಅಮೆರಿಕದ ರಾಜ್ಯ ಮತ್ತು ಫೆಡರಲ್ ಜೈಲುಗಳಲ್ಲಿ ಸುಮಾರು 2 ಲಕ್ಷ ಕೈದಿಗಳಿದ್ದರು. 2009ರ ಹೊತ್ತಿಗೆ ಅದು 16 ಲಕ್ಷ ಮುಟ್ಟಿತ್ತು. ಇಷ್ಟು ಜನರನ್ನು ಒಳಗೆ ತಳ್ಳಿದ ಕಾನೂನುಗಳಿಗೆ ಓಟು ಹಾಕಿದವರಲ್ಲಿ ಇವ್ಯಾಂಜೆಲಿಕಲ್ ಕ್ರೈಸ್ತರು ಹಿಂದೆ ಬಿದ್ದವರೇನಲ್ಲ. ಇತಿಹಾಸಕಾರ ಆ್ಯರನ್ ಗ್ರಿಫಿತ್ 2020ರ ತಮ್ಮ ಪುಸ್ತಕದಲ್ಲಿ ಇದನ್ನೇ ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ: ಕೈದಿಯ ಆತ್ಮಕ್ಕಾಗಿ ಮರುಗಿದ ಇಗರ್ಜಿಯೇ ಕಠಿಣ ಶಿಕ್ಷೆಯ ರಾಜಕೀಯಕ್ಕೂ ಬಲ ತುಂಬಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆಯಂಥ ಮಾತು ಅವರಿಗೆ ವೇದವಾಕ್ಯವಾಗಿತ್ತು. ಅಂಥವರ ಮುಂದೆ ನಿಂತು, ತಪ್ಪು ಮಾಡಿದವನೂ ದೇವರ ರೂಪವೇ ಎಂದು ಅವರದೇ ನುಡಿಯಲ್ಲಿ ಹೇಳಬಲ್ಲವನು ಅವರ ಮನೆಯವನೇ ಆಗಿರಬೇಕಿತ್ತು.

1983ರಲ್ಲಿ ಕಾನೂನು ಬದಲಾವಣೆಗೆಂದೇ ‘ಜಸ್ಟಿಸ್ ಫೆಲೋಶಿಪ್’ ಹುಟ್ಟಿತು. ಮುಂದೆ ಅದರ ಹೊಣೆ ಹೊತ್ತ ಪ್ಯಾಟ್ ನೋಲನ್ ಕ್ಯಾಲಿಫೋರ್ನಿಯಾ ಶಾಸನಸಭೆಯಲ್ಲಿ ರಿಪಬ್ಲಿಕನ್ ನಾಯಕನಾಗಿದ್ದು, ಭ್ರಷ್ಟಾಚಾರ ಪ್ರಕರಣದಲ್ಲಿ ಸೆರೆವಾಸ ಅನುಭವಿಸಿ ಬಂದವರು. ಜೈಲಿನೊಳಗಿನ ಅತ್ಯಾಚಾರ ತಡೆಯುವ 2003ರ ಕಾಯ್ದೆಯ ಹಿಂದೆ ಇವರ ಓಡಾಟವಿದೆ. ಎರಡೂ ಪಕ್ಷದವರು ಅದನ್ನು ಒಮ್ಮತದಿಂದ ಒಪ್ಪಿದರು. ಜೈಲಿನಲ್ಲಿ ನಡೆಯುವ ಅತ್ಯಾಚಾರ ನಗೆಚಾಟಿಕೆಯ ವಿಷಯವಾಗಿದ್ದ ದೇಶದಲ್ಲಿ ಇದು ಸಣ್ಣ ಗೆಲುವಲ್ಲ.

ಟೆಕ್ಸಾಸ್ ರಾಜ್ಯ ಹೊಸ ಜೈಲು ಕಟ್ಟುವುದನ್ನು ಕೈಬಿಟ್ಟ ಕಥೆಯನ್ನು ಈ ಕ್ರೈಸ್ತ ಚಳವಳಿಯ ಖಾತೆಗೆ ಪೂರ್ತಿ ಜಮಾ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. 2007ರಲ್ಲಿ ಅಲ್ಲಿ ಇನ್ನೂ 17 ಸಾವಿರ ಕೈದಿಗಳಿಗೆ ಜಾಗ ಬೇಕಾಗುತ್ತದೆ ಎಂಬ ಲೆಕ್ಕ ಬಂದಾಗ ಶಾಸಕರ ಎದೆ ನಡುಗಿಸಿದ್ದು ಸುವಾರ್ತೆಗಿಂತ ಹೆಚ್ಚಾಗಿ ಖರ್ಚು. ಹೊಸ ಜೈಲು ಕಟ್ಟುವ ಬದಲು 24.1 ಕೋಟಿ ಡಾಲರ್‌ಗಳನ್ನು ವ್ಯಸನ ಚಿಕಿತ್ಸೆಗೆ, ಪ್ರೊಬೇಷನ್ ವ್ಯವಸ್ಥೆಗೆ ಹಾಕಿದರು. 2011ರಲ್ಲಿ ಶುಗರ್‌ಲ್ಯಾಂಡಿನ ಹಳೆಯ ಜೈಲಿಗೆ ಬೀಗ ಬಿತ್ತು. ಕ್ರೈಸ್ತ ಮಾತು ಅಲ್ಲಿ ಮಾಡಿದ ಉಪಕಾರ ಬೇರೆ ಬಗೆಯದು. ಉಳಿತಾಯಕ್ಕಾಗಿ ಓಟು ಹಾಕಿದ ಶಾಸಕ ಊರಿಗೆ ಹಿಂತಿರುಗಿ, ಕಳ್ಳರ ಮೇಲೆ ಕರುಣೆ ತೋರಿದೆ ಎನ್ನಿಸಿಕೊಳ್ಳದೆ ತಲೆಯೆತ್ತಿ ನಡೆಯಲು ಅದು ಆಸರೆ ಕೊಟ್ಟಿತು. ರಾಜಕೀಯದಲ್ಲಿ ಅಂಥ ಆಸರೆಯಿಲ್ಲದೆ ಎಷ್ಟೋ ಒಳ್ಳೆಯ ಕಾನೂನುಗಳು ಕಪಾಟಿನಲ್ಲೇ ಉಳಿಯುತ್ತವೆ.

ಇನ್ನು ತಕರಾರು. ಇನ್ನರ್‌ಚೇಂಜ್ ಮೊದಲು ಶುರುವಾದದ್ದು ಟೆಕ್ಸಾಸಿನಲ್ಲೇ, 1997ರಲ್ಲಿ. ಅದರ ಫಲಿತಾಂಶದ ವರದಿ 2003ರಲ್ಲಿ ಬಂದಾಗ ಶ್ವೇತಭವನದವರೆಗೂ ಸಂಭ್ರಮ. ಕಾರ್ಯಕ್ರಮ ‘ಪೂರೈಸಿದ’ವರಲ್ಲಿ ಎರಡು ವರ್ಷದೊಳಗೆ ಮತ್ತೆ ಜೈಲು ಸೇರಿದವರು ಶೇ. 8, ಹೋಲಿಕೆಗೆ ತೆಗೆದುಕೊಂಡ ಇತರ ಕೈದಿಗಳಲ್ಲಿ ಶೇ. 20.3. ಆದರೆ ಪೂರೈಸುವುದೆಂದರೆ ಏನು? ಜೈಲಿನೊಳಗೆ ಹದಿನಾರು ತಿಂಗಳು, ಹೊರಬಂದ ಮೇಲೆ ಆರು ತಿಂಗಳು ನಿಭಾಯಿಸಿ, ಕೆಲಸ ಹಿಡಿದು ಉಳಿಸಿಕೊಂಡು, ಚರ್ಚಿಗೂ ತಪ್ಪದೆ ಹೋಗುತ್ತಿರುವವನು ಪೂರೈಸಿದವನು. ಸೇರಿದ 177 ಮಂದಿಯಲ್ಲಿ ಅಂಥವರು 75. ಎಲ್ಲ 177 ಮಂದಿಯನ್ನೂ ಲೆಕ್ಕಕ್ಕೆ ಹಿಡಿದರೆ ಮತ್ತೆ ಜೈಲು ಸೇರಿದವರು ಶೇ. 24.3, ಕಾರ್ಯಕ್ರಮದ ಮುಖವನ್ನೇ ನೋಡದವರಿಗಿಂತ ಹೆಚ್ಚು! ಈ ಅಂಕಿ ಅದೇ ವರದಿಯಲ್ಲಿತ್ತು. ಅಪರಾಧಶಾಸ್ತ್ರದ ವಿದ್ವಾಂಸ ಮಾರ್ಕ್ ಕ್ಲೈಮನ್ ಅದನ್ನು ಎತ್ತಿ ತೋರಿಸಿದರು. ಗೆದ್ದವರನ್ನಷ್ಟೇ ಎಣಿಸಿದರೆ ಯಾವ ಶಾಲೆಯ ಫಲಿತಾಂಶವೂ ನೂರಕ್ಕೆ ನೂರೇ.

ನನಗೆ ಅಂಕಿಯ ಸೋಲಿಗಿಂತ ನೋವಾಗುವುದು ಉಳಿದ 102 ಮಂದಿಯ ವಿಷಯದಲ್ಲಿ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳುವ ಧರ್ಮದ ಹೆಸರಿನಲ್ಲಿ, ತಪ್ಪಿಸಿಕೊಂಡವರನ್ನೇ ಎಣಿಕೆಯಿಂದ ಹೊರಗಿಟ್ಟರು.

ಅಯೋವಾದ ಪ್ರಕರಣ ಕೋರ್ಟಿಗೆ ಹೋಯಿತು. ಸರ್ಕಾರವೇ ಒಂದು ಧರ್ಮವನ್ನು ಪೋಷಿಸಿದಂತಾಗಿದೆ ಎಂದು 2006ರಲ್ಲಿ ನ್ಯಾಯಾಧೀಶ ರಾಬರ್ಟ್ ಪ್ರ್ಯಾಟ್ ತೀರ್ಪಿತ್ತರು. 2007ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಮುಖ್ಯ ಅಂಶದಲ್ಲಿ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಮಾತು ಹಾಗಿರಲಿ. ಧರ್ಮದ ಕಣ್ಣಿನಿಂದ ನೋಡಿದರೂ ಅಲ್ಲಿ ನಡೆದದ್ದು ತಪ್ಪೇ. ಕೀಲಿಕೈ ಸಿಗುತ್ತದೆಂದು ಪ್ರಾರ್ಥಿಸಿದವನ ಪ್ರಾರ್ಥನೆ ನಿಜವೋ ಅಲ್ಲವೋ ಎಂದು ಅವನಿಗೂ ತಿಳಿಯದಂಥ ಸ್ಥಿತಿಗೆ ಅವನನ್ನು ತಳ್ಳಲಾಯಿತು. 1829ರಲ್ಲಿ ಫಿಲಡೆಲ್ಫಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ವಿಚಾರಗಳ ಪ್ರಭಾವದಿಂದ ತೆರೆದ ಜೈಲಿನಲ್ಲೂ ಹೀಗೇ ಆಗಿತ್ತು. ಒಂಟಿಯಾಗಿ ಕೂತರೆ ಪಶ್ಚಾತ್ತಾಪ ಹುಟ್ಟುತ್ತದೆಂದು ಒಳ್ಳೆಯ ಮನಸ್ಸಿನಿಂದಲೇ ನಂಬಿ ಕಟ್ಟಿದ ಏಕಾಂತದ ಕೋಣೆಗಳು ಅವು. 1842ರಲ್ಲಿ ಅದನ್ನು ನೋಡಿದ ಚಾರ್ಲ್ಸ್ ಡಿಕನ್ಸ್ ಆ ಒಂಟಿತನವನ್ನು ಮೈಗೆ ಕೊಡುವ ಹಿಂಸೆಗಿಂತ ಘೋರವೆಂದು ಕಂಡರು. ಕ್ರೈಸ್ತ ಸುಧಾರಕರು ಶಾಸನಸಭೆಯ ಬಾಗಿಲು ತಟ್ಟಿದಾಗ ಕೈದಿಗೆ ಒಳಿತಾಗಿದೆ. ಜೈಲಿನ ಬೀಗದ ಕೈ ಅವರ ಸೊಂಟಕ್ಕೆ ಬಂದಾಗ ಅವನ ಮನಸ್ಸೂ ಕಾವಲಿನೊಳಗೆ ಬಿದ್ದಿದೆ.

ಇದೇ ಸಂಸ್ಥೆಯ ಇನ್ನೊಂದು ಕೆಲಸವನ್ನು ನಾನು ಯಾವ ತಕರಾರಿಗೂ ಮೇಲಿಡುತ್ತೇನೆ. ಮೇರಿ ಕೇ ಬಿಯರ್ಡ್ ಬ್ಯಾಂಕ್ ದರೋಡೆ ಮಾಡಿ ಅಲಬಾಮಾದಲ್ಲಿ ಸೆರೆ ಅನುಭವಿಸಿದ ಹೆಂಗಸು. ಕ್ರಿಸ್‌ಮಸ್ ಹೊತ್ತಿಗೆ ಜೊತೆಯ ಕೈದಿ ತಾಯಂದಿರು ದಾನವಾಗಿ ಬಂದ ಸೋಪು, ಟೂತ್‌ಪೇಸ್ಟುಗಳನ್ನು ತಾವು ಬಳಸದೆ ಎತ್ತಿಟ್ಟು, ನೋಡಲು ಬರುವ ಮಕ್ಕಳಿಗೆ ಕಟ್ಟಿಕೊಡುತ್ತಿದ್ದುದನ್ನು ಆಕೆ ಕಂಡಿದ್ದರು. ಬಿಡುಗಡೆಯಾಗಿ ಪ್ರಿಸನ್ ಫೆಲೋಶಿಪ್ ಸೇರಿದ ಮೇಲೆ, 1982ರಲ್ಲಿ, ಕೈದಿಗಳ ಮಕ್ಕಳಿಗೆ ಉಡುಗೊರೆ ಮುಟ್ಟಿಸುವ ‘ಏಂಜಲ್ ಟ್ರೀ’ ಆರಂಭಿಸಿದರು. ಅಲ್ಲೂ ಸುವಾರ್ತೆಯ ಮಾತು ಜೊತೆಗಿರುತ್ತದೆ. ಆದರೆ ಉಡುಗೊರೆಯನ್ನು ಕೊಂಡವರು ಚರ್ಚಿನವರಾದರೂ ಅದು ಮಗುವಿನ ಕೈ ಸೇರುವುದು ಜೈಲಿನಲ್ಲಿರುವ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿ.