ಮೇಷ್ಟ್ರ ಅಕ್ಕರೆಯ ಬಿಗಿಹಿಡಿತ: ‘ನಾಗರಹಾವು’
ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ 1972ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡಿತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಇಲ್ಲಿ ಒಂದೇ ಕಥೆಯಾಗಿ ಹೆಣೆಯಲಾಗಿದೆ. ಕಥಾನಾಯಕ ರಾಮಾಚಾರಿ ಇಬ್ಬರನ್ನು ಪ್ರೀತಿಸಿ ಸೋತ ಕಥೆಯೆಂದೇ ಇದನ್ನು ಹೇಳುವುದು ರೂಢಿ. ಆದರೆ ಹಿಡಿದರೆ ಬಿಡದ ಪ್ರೀತಿ ಚಿತ್ರದಲ್ಲಿರುವುದು ಚಾಮಯ್ಯ ಮೇಷ್ಟ್ರಿಗೂ ಅವರ ಶಿಷ್ಯನಿಗೂ ನಡುವೆ. ಸಾವುನೋವೆಲ್ಲ ಹುಟ್ಟುವುದು ಅಲ್ಲಿಂದಲೇ.

ನಕಲು ಹೊಡೆದು ಸಿಕ್ಕಿಬಿದ್ದದ್ದಕ್ಕೆ ಪ್ರಿನ್ಸಿಪಾಲರ ಮೇಲೆ ಹಗೆ ಸಾಧಿಸಿ, ಅವರನ್ನು ಅರೆಬೆತ್ತಲೆಯಾಗಿ ಕಂಬಕ್ಕೆ ಕಟ್ಟಿಹಾಕುವ ಹುಡುಗ ರಾಮಾಚಾರಿ. ಯಾರಿಗೂ ಬಗ್ಗದ ಅವನು ಮೇಷ್ಟ್ರ ಮುಂದೆ ಮಾತ್ರ ತಲೆ ತಗ್ಗಿಸುತ್ತಾನೆ. ಮಕ್ಕಳಿಲ್ಲದ ಚಾಮಯ್ಯನವರಿಗೂ ಅವನೇ ಮಗ. ಮೇಷ್ಟ್ರಾಗಿ ಕೆ.ಎಸ್. ಅಶ್ವಥ್ ಗದರಿಸುವಾಗಲೂ ದನಿಯಲ್ಲಿ ಅಕ್ಕರೆ ಇರುತ್ತದೆ. ಆ ಅಕ್ಕರೆ ಎಷ್ಟು ಬಿಗಿಯಾದದ್ದೆಂದು ಬೇಗ ಹೊಳೆಯದಿರುವುದೇ ಅವರ ಅಭಿನಯದ ಹೆಚ್ಚುಗಾರಿಕೆ.

ತಂಗಿ ಅಲಮೇಲುವಿನ ಹಿಂದೆ ಬಿದ್ದ ಜಲೀಲನ ಕಾಟ ತಪ್ಪಿಸಿದರೆ ಅವಳನ್ನು ಮದುವೆ ಮಾಡಿಕೊಡಿಸುವುದಾಗಿ ಗೆಳೆಯ ವರದ ಮಾತು ಕೊಡುತ್ತಾನೆ. ರಾಮಾಚಾರಿ ಜಲೀಲನನ್ನು ಬಗ್ಗುಬಡಿಯುತ್ತಾನೆ, ಅಲಮೇಲುವೂ ಅವನಿಗೆ ಒಲಿಯುತ್ತಾಳೆ. ಆಗ ಜಾತಿ ಅಡ್ಡ ಬರುತ್ತದೆ. ಪ್ರೀತಿಯನ್ನು ತ್ಯಾಗಮಾಡು ಎಂದು ಮೇಷ್ಟ್ರು ಶಿಷ್ಯನನ್ನು ಒಪ್ಪಿಸುತ್ತಾರೆ. ಅಣ್ಣ ಕೊಡುವ ಮಾತಾಯಿತು, ಗುರು ಕಸಿಯುವ ಮಾತಾಯಿತು. ಅಲಮೇಲುವಿನ ಮಾತಿಗೆ ಎರಡು ಸಲವೂ ಬೆಲೆಯಿಲ್ಲ.

ಚಿತ್ರದ ಅತ್ಯಂತ ಗಟ್ಟಿಯಾದ ಭಾಗ ಆಮೇಲಿನದು. ವರ್ಷಗಳ ನಂತರ ಹೋಟೆಲೊಂದರಲ್ಲಿ ಅವಳು ರಾಮಾಚಾರಿಗೆ ಎದುರಾಗುತ್ತಾಳೆ. ಕಟ್ಟಿಕೊಂಡ ಗಂಡನಿಂದಲೇ ವೇಶ್ಯಾವಾಟಿಕೆಗೆ ಬಿದ್ದಿದ್ದಾಳೆ. ಆರತಿ ಇಲ್ಲಿ ಅಲಮೇಲುವಿನ ಹಳೆಯ ಲವಲವಿಕೆಯನ್ನು ಪೂರ್ತಿ ಒರೆಸಿಹಾಕುತ್ತಾರೆ. ಇದೇ ಅಲಮೇಲುವಿನೊಡನೆ ರಾಮಾಚಾರಿ ಸ್ಲೋ ಮೋಷನ್ನಿನಲ್ಲಿ ಹಾಡಿದ್ದನ್ನು ನೋಡಿದವರಿಗೆ ಆ ಕೋಣೆ ಉಸಿರು ಕಟ್ಟಿಸುತ್ತದೆ. ಮೇಷ್ಟ್ರ ಮಾತೂ ತಪ್ಪಾಗಬಹುದೆಂದು ರಾಮಾಚಾರಿಗೆ ಮೊದಲ ಬಾರಿ ತಿಳಿಯುವುದು ಇಲ್ಲೇ.

ಚಿಟ್ಟಿಬಾಬು ಅವರ ಛಾಯಾಗ್ರಹಣದಲ್ಲಿ ಚಿತ್ರದುರ್ಗದ ಕೋಟೆ ಬರೀ ಹಿನ್ನೆಲೆಯಾಗಿ ಉಳಿಯುವುದಿಲ್ಲ. ಮನೆ, ಕಾಲೇಜುಗಳಲ್ಲಿ ಹಿಡಿಸದ ರಾಮಾಚಾರಿ ಆ ಬಂಡೆಗಳ ನಡುವೆ ಸರಿಯಾಗಿ ಹೊಂದುತ್ತಾನೆ. ಕೋಟೆ ಕಾದ ವೀರನಾರಿ ಓಬವ್ವನಾಗಿ ಜಯಂತಿ ಅಭಿನಯಿಸಿದ ಹಾಡು ಕಥೆಗೆ ಹೊರಗಿನದಾದರೂ, ತನ್ನ ನಿರ್ಧಾರ ತಾನೇ ಮಾಡಿದ ಹೆಣ್ಣು ಇಡೀ ಚಿತ್ರದಲ್ಲಿ ಅವಳೊಬ್ಬಳೇ. ರಾಮಾಚಾರಿ ಆಮೇಲೆ ಪ್ರೀತಿಸುವ ಮಾರ್ಗರೆಟ್‌ಳ ಪಾತ್ರ ಮಾತ್ರ ತೆಳುವಾಯಿತು. ಶುಭಾ ಲವಲವಿಕೆಯಿಂದ ನಟಿಸಿದ್ದರೂ, ಅವಳು ಕ್ರೈಸ್ತಳೆಂಬುದನ್ನು ಬಿಟ್ಟು ಅವಳ ಒಳಮನಸ್ಸಿನ ಬಗ್ಗೆ ಚಿತ್ರಕಥೆ ಹೆಚ್ಚೇನೂ ಹೇಳುವುದಿಲ್ಲ.

ಈ ಪ್ರೀತಿಗೂ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ, ಈ ಸಲ ಧರ್ಮದ ಹೆಸರಿನಲ್ಲಿ. ಬೆಟ್ಟದ ಮೇಲೆ ಮಾತಿಗೆ ಮಾತು ಬೆಳೆದು, ಕೊನೆಗೆ ಅವರು ಕೆಳಗೆ ಬಿದ್ದು ಸಾಯುತ್ತಾರೆ. ರಾಮಾಚಾರಿ ಮಾರ್ಗರೆಟ್‌ಳೊಂದಿಗೆ ಅವರ ಹಿಂದೆಯೇ ಹೋಗುತ್ತಾನೆ. ದೃಶ್ಯ ಮೈ ನಡುಗಿಸುತ್ತದೆ, ನಿಜ. ಆದರೆ ಹೋಟೆಲಿನ ಕೋಣೆಯಲ್ಲಿ ಗುರುವಿನ ಮೇಲೆ ಬಂದಿದ್ದ ಹೊಣೆ ಇಲ್ಲಿ ಶಿಷ್ಯನ ಪಾಪಪ್ರಜ್ಞೆಯಲ್ಲಿ ಕರಗಿಹೋಗುತ್ತದೆ. ಅಲಮೇಲುವಿನ ಪಾಡಿಗೆ ಯಾರೂ ಉತ್ತರ ಹೇಳುವುದಿಲ್ಲ.