ಗಡ್ಡೆಯ ಬಗ್ಗೆ ರಕ್ತದ ಸಾಕ್ಷ್ಯ

ಮೂತ್ರಪಿಂಡದ ಕ್ಯಾನ್ಸರ್ ಗಡ್ಡೆಯ ಬೇರೆ ಬೇರೆ ಭಾಗಗಳಿಂದ ಚೂರು ತೆಗೆದು 2012ರಲ್ಲಿ ಲಂಡನ್ನಿನ ಸಂಶೋಧಕರು ಹೋಲಿಸಿ ನೋಡಿದರು. ಸಿಕ್ಕ ಮ್ಯುಟೇಶನ್‌ಗಳಲ್ಲಿ ಶೇ. 60ಕ್ಕೂ ಹೆಚ್ಚಿನವು ಎಲ್ಲ ಭಾಗಗಳಲ್ಲೂ ಇರಲಿಲ್ಲ. ಹಾಗಿದ್ದ ಮೇಲೆ ಸೂಜಿಯಲ್ಲಿ ಬಂದ ಒಂದು ಚೂರಿನ ವರದಿಯನ್ನು ಇಡೀ ರೋಗದ ವರದಿ ಎಂದು ಹೇಗೆ ನಂಬುವುದು? ರಕ್ತದಂಥ ದ್ರವದಲ್ಲೇ ಗಡ್ಡೆಯ ಡಿಎನ್‌ಎ ಹುಡುಕುವ ಲಿಕ್ವಿಡ್ ಬಯಾಪ್ಸಿಯ ನಿಜವಾದ ಬೆಲೆ ಇರುವುದು ಈ ಪ್ರಶ್ನೆಯಲ್ಲಿ. ನೋವಿಲ್ಲದ ಪರೀಕ್ಷೆ ಎಂಬ ಪ್ರಚಾರ ಅದರ ಮುಂದೆ ಸಣ್ಣದು.

ಸಾಯುವ ಕ್ಯಾನ್ಸರ್ ಕೋಶಗಳ ಡಿಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಮೂಲ ಗಡ್ಡೆಯದೂ, ಯಕೃತ್ತಿಗೋ ಮೂಳೆಗೋ ಹರಡಿದ ಗಡ್ಡೆಗಳದೂ ಒಂದೇ ಟ್ಯೂಬಿನಲ್ಲಿ ಸಿಗಬಹುದು. ಔಷಧಕ್ಕೆ ಬಗ್ಗದೆ ಹೋದ ಜೀರ್ಣಾಂಗ ಕ್ಯಾನ್ಸರಿನ 42 ರೋಗಿಗಳ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ರಕ್ತ ಮತ್ತು ಗಡ್ಡೆಯ ಚೂರು ಎರಡನ್ನೂ ಹೋಲಿಸಿದವರಲ್ಲಿ ಶೇ. 78 ಮಂದಿಯ ರಕ್ತದಲ್ಲಿ, ಚೂರಿನಲ್ಲಿ ಕಾಣದ ಪ್ರತಿರೋಧದ ಮ್ಯುಟೇಶನ್‌ಗಳು ಸಿಕ್ಕವು. ಇದು ದೊಡ್ಡ ಗೆಲುವೇ ಸರಿ.

ಆದರೆ ರಕ್ತದಲ್ಲಿ ಕಾಣದ್ದು ಮೈಯಲ್ಲಿ ಇಲ್ಲವೆಂದಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಗೆಫಿಟಿನಿಬ್ ನುಂಗುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮುಂದೆ ಟಿ790ಎಂ ಎಂಬ ಬದಲಾವಣೆ ತಲೆಯೆತ್ತಿ ಮಾತ್ರೆ ನಾಟದಂತಾಗುತ್ತದೆ. ರಕ್ತದಲ್ಲಿ ಅದು ಸಿಕ್ಕರೆ ಎದೆಗೆ ಮತ್ತೆ ಸೂಜಿ ಹಾಕದೆ, ಆ ಬದಲಾವಣೆಗೂ ನಾಟುವ ಓಸಿಮರ್ಟಿನಿಬ್ ಎಂಬ ಮಾತ್ರೆ ಶುರುಮಾಡಬಹುದು. ಆದರೆ ಟಿ790ಎಂ ಇರುವವರಲ್ಲೇ ಸುಮಾರು ಶೇ. 30 ಮಂದಿಯನ್ನು ಪ್ಲಾಸ್ಮಾ ಪರೀಕ್ಷೆ ಗುರುತಿಸದೆ ಬಿಡುತ್ತದೆ. ಚಿಕ್ಕ ಗಡ್ಡೆ ರಕ್ತಕ್ಕೆ ಬಿಡುವ ಡಿಎನ್‌ಎ ತೀರ ಕಡಿಮೆ. ಮೆದುಳಿನ ಗಡ್ಡೆಯದು ರಕ್ತಕ್ಕೆ ದಾಟುವುದೇ ಕಷ್ಟ. ಅಲ್ಲಿ ಬೆನ್ನಿನಿಂದ ತೆಗೆದ ದ್ರವ ಹೆಚ್ಚು ಹೇಳುತ್ತದೆ. ಮೂತ್ರಕೋಶದ ಕ್ಯಾನ್ಸರಿಗೆ ಮೂತ್ರವೇ ಹತ್ತಿರದ ದಾರಿ.

ತಪ್ಪು ಇನ್ನೊಂದು ಕಡೆಯಿಂದಲೂ ನುಸುಳುತ್ತದೆ. ಮಾಮೂಲಿ ಇಡಿಟಿಎ ಟ್ಯೂಬಿನ ರಕ್ತವನ್ನು ಕೆಲವೇ ಗಂಟೆಗಳಲ್ಲಿ ಸೆಂಟ್ರಿಫ್ಯೂಜ್‌ಗೆ ಹಾಕಿ ಪ್ಲಾಸ್ಮಾ ಬೇರ್ಪಡಿಸಬೇಕು. ತಡವಾದರೆ ಬಿಳಿ ರಕ್ತಕಣಗಳು ಒಡೆದು, ಅವುಗಳ ಡಿಎನ್‌ಎಯಲ್ಲಿ ಗಡ್ಡೆಯ ಸಣ್ಣ ಪಾಲು ಮುಳುಗಿಹೋಗುತ್ತದೆ. ಬೇರೆ ಊರಿನ ಲ್ಯಾಬಿಗೆ ಕಳಿಸುವುದಾದರೆ ಕಣ ಒಡೆಯದಂತೆ ಕಾಯುವ ವಿಶೇಷ ಟ್ಯೂಬೇ ಬೇಕು. ವಯಸ್ಸಾದವರ ರಕ್ತಕಣಗಳಲ್ಲಿ ಸಹಜವಾಗಿ ಹುಟ್ಟುವ ಮ್ಯುಟೇಶನ್‌ಗಳೂ ಇರುತ್ತವೆ. ಬಿಳಿಕಣಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸದ ಲ್ಯಾಬ್ ಅವನ್ನು ಗಡ್ಡೆಯ ತಲೆಗೆ ಕಟ್ಟಬಹುದು.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಒಂದೇ ವರದಿಯಲ್ಲಿ ನಾಲ್ಕೈದು ಪ್ರತಿರೋಧದ ಮ್ಯುಟೇಶನ್‌ಗಳು ಕಂಡಾಗ, ಅವೆಲ್ಲಕ್ಕೂ ಹೊಂದುವ ಔಷಧ ಎಷ್ಟೋ ಸಲ ವೈದ್ಯರ ಕೈಯಲ್ಲಿ ಇರುವುದೇ ಇಲ್ಲ. ವೈವಿಧ್ಯವನ್ನು ಕಾಣುವ ಶಕ್ತಿ ಚಿಕಿತ್ಸೆಗಿಂತ ಬಹಳ ಮುಂದೆ ಹೋಗಿದೆ.

ಹಾಗಾಗಿ ಈ ಪರೀಕ್ಷೆ ಬೇಕು, ಆದರೆ ಗಡ್ಡೆಯ ಬಯಾಪ್ಸಿಯ ಜೊತೆಗಿರಬೇಕು. ನಿಮ್ಮ ಮನೆಯವರ ವರದಿಯಲ್ಲಿ 'ಕಂಡುಬಂದಿಲ್ಲ' ಎಂದು ಬರೆದಿದ್ದರೆ ಅಲ್ಲಿಗೇ ಬಿಡಬೇಡಿ. ಗಡ್ಡೆಯ ಚೂರನ್ನು ಪರೀಕ್ಷಿಸಲು ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ.